ನಾಲ್ಕನೆಯವನಾಗಿ ಬಂದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮೂರು ಪುಟಗಳಲ್ಲಿ ಎರಡೂವರೆ ಪುಟ ಆಯ್ಕೆ ಓಟದ ಕೊನೆಯ ಸುತ್ತಿಗೇ ಮೀಸಲು. ಮೊದಲ ಮೂವರಿಗೆ ತಂಡದಲ್ಲಿ ಜಾಗ, ನೀನು ನಾಲ್ಕನೆಯವನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಒಪ್ಪುತ್ತೇನೆ. ಆದರೆ ‘ಈ ವರ್ಷವೇ ವ್ಯರ್ಥವಾಯಿತು’ ಎಂದು ಬರೆದು ಅದರಡಿ ಎರಡು ಗೆರೆ ಎಳೆದಿದ್ದೀಯಲ್ಲ, ಆ ಗೆರೆಗಳು ನನಗೆ ಹಿಡಿಸಲಿಲ್ಲ. ಹಿಡಿಸಿದ್ದು ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ: ಮಧ್ಯಮ ಮತ್ತು ದೂರದ ಓಟಗಳಲ್ಲಿ ಒಬ್ಬನೇ ಓಟಗಾರ ಒಂದೇ ವರ್ಷದಲ್ಲಿ ಮಾಡಿದ ಅತಿ ದೊಡ್ಡ ಸಾಧನೆ ಯಾವುದು? ಈ ವಿಷಯಕ್ಕೆ ಗೆಳೆಯರ ನಡುವೆ ಮಾತು ಬಿಡುವಷ್ಟು ಜಗಳವಾಯಿತಂತೆ. ಜಗಳವಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದೂ ಕಷ್ಟ.

ನನ್ನ ಉತ್ತರ ಹೆನ್ರಿ ರೋನೋ, 1978. ಕೀನ್ಯಾದವನು, ಆಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಿದ್ಯಾರ್ಥಿ. ಏಪ್ರಿಲ್ 8ರಂದು ಬರ್ಕ್ಲಿಯಲ್ಲಿ 5000 ಮೀಟರ್ ಓಟವನ್ನು 13 ನಿಮಿಷ 08.4 ಸೆಕೆಂಡಿನಲ್ಲಿ ಮುಗಿಸಿದ. ಹಳೆಯ ವಿಶ್ವದಾಖಲೆಗಿಂತ ನಾಲ್ಕೂವರೆ ಸೆಕೆಂಡ್ ಕಡಿಮೆ. ಮೇ ತಿಂಗಳಲ್ಲಿ ಸಿಯಾಟಲ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್, 8 ನಿಮಿಷ 05.4. ಜೂನ್‌ನಲ್ಲಿ ವಿಯೆನ್ನಾದಲ್ಲಿ 10,000 ಮೀಟರ್, 27 ನಿಮಿಷ 22.5. ಅದೇ ತಿಂಗಳ 27ಕ್ಕೆ ಓಸ್ಲೋದಲ್ಲಿ 3000 ಮೀಟರ್, 7 ನಿಮಿಷ 32.1. ಹೀಗೆ 81 ದಿನಗಳಲ್ಲಿ ನಾಲ್ಕು ಬೇರೆ ಬೇರೆ ಓಟಗಳ ವಿಶ್ವದಾಖಲೆ, ಅದರಲ್ಲೊಂದು ಅಡೆತಡೆ ಮತ್ತು ನೀರಿನ ಗುಂಡಿ ಹಾರಬೇಕಾದ್ದು. ಅಷ್ಟಕ್ಕೂ ದಣಿಯದೆ ಅದೇ ವರ್ಷ ಎಡ್ಮಂಟನ್ ಕಾಮನ್‌ವೆಲ್ತ್ ಕೂಟದಲ್ಲಿ 5000 ಮೀಟರ್ ಮತ್ತು ಸ್ಟೀಪಲ್‌ಚೇಸ್ ಎರಡರಲ್ಲೂ ಚಿನ್ನ ಗೆದ್ದ. ಕೊನೆಯ 3000 ಮೀಟರ್ ದಾಖಲೆಯನ್ನು ಮುರಿಯಲು ಸಯೀದ್ ಔಯಿತಾ 1989ರಲ್ಲಿ ಬರಬೇಕಾಯಿತು.

ಇಂಥವನಿಗೆ ಒಲಿಂಪಿಕ್ ಪದಕ ಎಷ್ಟಿರಬಹುದು ಹೇಳು? ಒಂದೂ ಇಲ್ಲ. ಅವನು ಒಲಿಂಪಿಕ್ಸ್‌ನಲ್ಲಿ ಓಡಲೇ ಇಲ್ಲ. 1976ರಲ್ಲಿ ಮಾಂಟ್ರಿಯಲ್ ಕೂಟವನ್ನು ಕೀನ್ಯಾ ಬಹಿಷ್ಕರಿಸಿತು, 1980ರಲ್ಲಿ ಮಾಸ್ಕೋವನ್ನೂ ಬಹಿಷ್ಕರಿಸಿತು. ಅವನ ಕಾಲುಗಳ ತಪ್ಪೇನೂ ಇರಲಿಲ್ಲ.

ನಿನ್ನ ಗೆಳೆಯರು ನುರ್ಮಿಯ ಹೆಸರು ಹೇಳುತ್ತಾರೆ ಎಂದು ಬರೆದಿದ್ದೀಯ. ಅವರ ಮಾತನ್ನು ತಳ್ಳಿಹಾಕಲಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಪಾವೋ ನುರ್ಮಿ ಐದು ಚಿನ್ನ ಗೆದ್ದ. 1500 ಮತ್ತು 5000 ಮೀಟರ್ ಚಿನ್ನ ಎರಡೂ ಒಂದೇ ದಿನ, ಎರಡು ಗಂಟೆಯೊಳಗೆ. ಪದಕಗಳಿಗಿಂತ ನನಗೆ ರುಚಿಸುವುದು ಅದಕ್ಕೆ ಮೂರು ವಾರ ಮೊದಲು ನಡೆದದ್ದು. ಎರಡು ಓಟಗಳ ನಡುವೆ ಬಿಡುವು ಸಾಲದೆಂದು ಅವನು ಗೊಣಗುತ್ತ ಕೂರಲಿಲ್ಲ. ಜೂನ್ 19ರಂದು ಹೆಲ್ಸಿಂಕಿಯಲ್ಲಿ ಅದೇ ಎರಡು ದೂರಗಳನ್ನು ಸುಮಾರು ಒಂದು ಗಂಟೆಯ ಅಂತರದಲ್ಲಿ ಓಡಿ ನೋಡಿದ. ಎರಡರಲ್ಲೂ ವಿಶ್ವದಾಖಲೆ ಬಂತು! ನಿನ್ನ ಕೊನೆಯ ಸುತ್ತಿನಲ್ಲಿ ಕಾಲು ಕಲ್ಲಾಯಿತು ಎನ್ನುತ್ತೀಯಲ್ಲ, ಆ ಕಲ್ಲನ್ನು ಅಭ್ಯಾಸದಲ್ಲಿ ಎಷ್ಟು ಸಲ ಮುಟ್ಟಿ ನೋಡಿದ್ದೆ? ದಣಿದ ಮೇಲೆ ವೇಗವಾಗಿ ಓಡುವುದನ್ನು ದಣಿದ ಮೇಲೆಯೇ ಕಲಿಯಬೇಕು. ನಿನ್ನ ಕೋಚ್ ಕೂಡ ಇದನ್ನು ಹೇಳಿರುತ್ತಾರೆ, ನೀನು ಕೇಳಿರುವುದಿಲ್ಲ.

ಸ್ವೀಡನ್ನಿನ ಗುಂಡರ್ ಹೆಗ್‌ನ ಹೆಸರು ನಿನ್ನ ಪಟ್ಟಿಯಲ್ಲಿ ಇಲ್ಲದಿರುವುದು ಆಶ್ಚರ್ಯ. 1942ರ ಜುಲೈ 1ರಿಂದ ಸೆಪ್ಟೆಂಬರ್ 20ರವರೆಗೆ, 82 ದಿನಗಳಲ್ಲಿ ಹತ್ತು ವಿಶ್ವದಾಖಲೆ. 1500ರಿಂದ 5000 ಮೀಟರಿನವರೆಗೆ ಏಳು ದೂರಗಳಲ್ಲಿ. ಕೊನೆಯದು 13 ನಿಮಿಷ 58.2 ಸೆಕೆಂಡಿನ 5000 ಮೀಟರ್. ಅದಕ್ಕೆ ಮೊದಲು ಯಾರೂ ಆ ದೂರವನ್ನು 14 ನಿಮಿಷದೊಳಗೆ ಓಡಿರಲಿಲ್ಲ. ಲೆಕ್ಕದಲ್ಲಿ ಇದು ರೋನೋನ ವರ್ಷಕ್ಕಿಂತ ದೊಡ್ಡದು. ಆದರೆ ಆಗ ಉಳಿದ ಜಗತ್ತು ಯುದ್ಧದಲ್ಲಿತ್ತು, ಸ್ವೀಡನ್ ತಟಸ್ಥವಾಗಿತ್ತು. ಓಡಬೇಕಾದ ಎಷ್ಟೋ ಜನ ಬಂದೂಕು ಹಿಡಿದಿದ್ದರು. ಅದಕ್ಕೇ ನಾನು ಅವನನ್ನು ಒಂದು ಮೆಟ್ಟಿಲು ಕೆಳಗಿಟ್ಟಿದ್ದೇನೆ. ಹೀಗೆ ಇಡುವುದು ನ್ಯಾಯವೇ ಎಂಬ ಅಳುಕು ನನಗಿದೆ, ಗಡಿಯಾರಕ್ಕೆ ಯುದ್ಧ ಗೊತ್ತಿಲ್ಲವಲ್ಲ. ಹೆಗ್‌ಗೆ ಇದ್ದ ಭಾಗ್ಯವೆಂದರೆ ಆರ್ನೆ ಆಂಡರ್ಸನ್. ಅದೇ ದೇಶದ, ಅದೇ ದೂರಗಳ ಎದುರಾಳಿ. ಒಬ್ಬ ದಾಖಲೆ ಬರೆದರೆ ಇನ್ನೊಬ್ಬ ಅಳಿಸುತ್ತಿದ್ದ. 1981ರಲ್ಲಿ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಮತ್ತು ಸ್ಟೀವ್ ಓವೆಟ್ ಹತ್ತೇ ದಿನಗಳಲ್ಲಿ ಮೈಲಿಯ ದಾಖಲೆಯನ್ನು ಮೂರು ಸಲ ಬದಲಿಸಿದ್ದೂ ಹೀಗೆಯೇ. ಮೂರನೆಯ ಸ್ಥಾನ ಪಡೆದ ಹುಡುಗನ ಮೇಲೆ ನಿನ್ನ ಪತ್ರದಲ್ಲಿ ಹರಿದಿರುವ ಸಿಟ್ಟನ್ನು ಓದಿದೆ. ಅವನ ಜೊತೆ ವಾರಕ್ಕೊಮ್ಮೆ ಅಭ್ಯಾಸ ಮಾಡಲು ಆಗುತ್ತದೆಯೇ ವಿಚಾರಿಸು.

ಪದಕದ ಮಾತು ಮತ್ತೆ ಬಂದೇ ಬರುತ್ತದೆ, ಅದನ್ನೂ ಮುಗಿಸಿಬಿಡೋಣ. ಚೆಕೊಸ್ಲೊವಾಕಿಯಾದ ಎಮಿಲ್ ಜಟೋಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಎಂಟು ದಿನಗಳಲ್ಲಿ 10,000 ಮೀಟರ್, 5000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ. ಮ್ಯಾರಥಾನ್ ಅವನಿಗೆ ಜೀವನದಲ್ಲೇ ಮೊದಲನೆಯದು. ಹದಿಮೂರು ವರ್ಷಗಳ ನಂತರ, 1965ರಲ್ಲಿ, ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಓಸ್ಲೋದಲ್ಲಿ 10,000 ಮೀಟರ್ ದಾಖಲೆಯನ್ನು 27 ನಿಮಿಷ 39.4 ಸೆಕೆಂಡಿಗೆ ಇಳಿಸಿದ. ಹಳೆಯದಕ್ಕೂ ಇದಕ್ಕೂ 36 ಸೆಕೆಂಡಿನ ಅಂತರ! ದಾಖಲೆಗಳು ಸೆಕೆಂಡಿನ ಚೂರುಗಳಲ್ಲಿ ಮುರಿಯುವುದನ್ನು ನೋಡಿದ ನಿನಗೆ ಇದು ಅರ್ಥವಾಗಬೇಕಾದರೆ ಟ್ರ್ಯಾಕಿನ ಮೇಲೆ ನಿಂತು 36 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತೀಯೆಂದು ಓಡಿ ನೋಡು. ಆ ಕ್ಲಾರ್ಕ್‌ಗೂ ಒಲಿಂಪಿಕ್ ಚಿನ್ನ ದಕ್ಕಲಿಲ್ಲ, 1964ರಲ್ಲಿ ಸಿಕ್ಕ ಒಂದು ಕಂಚು ಅಷ್ಟೇ. 1966ರಲ್ಲಿ ಅವನು ಪ್ರಾಗ್‌ಗೆ ಹೋದಾಗ ಜಟೋಪೆಕ್ ಬೀಳ್ಕೊಡುವ ಹೊತ್ತಿಗೆ ಒಂದು ಪುಟ್ಟ ಪೊಟ್ಟಣ ಕೊಟ್ಟ. ಒಳಗೆ ಹೆಲ್ಸಿಂಕಿಯ ತನ್ನದೇ 10,000 ಮೀಟರ್ ಚಿನ್ನದ ಪದಕ. ಇದನ್ನು ಬರೆಯುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಪದಕವನ್ನು ಗೆದ್ದವನಿಗೇ ಅದು ಯಾರದ್ದೆಂದು ಗೊತ್ತಿತ್ತು.

ನಿನ್ನ ಸ್ಥಿತಿಗೆ ತೀರ ಹತ್ತಿರದವನು ಡೇನಿಯಲ್ ಕೋಮೆನ್. 1996ರಲ್ಲಿ ಅವನಿಗೆ ಕೀನ್ಯಾದ ಒಲಿಂಪಿಕ್ ತಂಡದಲ್ಲಿ ಜಾಗ ಸಿಗಲಿಲ್ಲ. ಕೂಟ ಮುಗಿದ ಕೆಲವೇ ದಿನಗಳಲ್ಲಿ ಜ್ಯೂರಿಕ್‌ನ 5000 ಮೀಟರ್ ಓಟದಲ್ಲಿ, ಅಟ್ಲಾಂಟಾದಲ್ಲಿ 10,000 ಮೀಟರ್ ಚಿನ್ನ ಗೆದ್ದಿದ್ದ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿಯನ್ನೇ ಹಿಂದಿಕ್ಕಿದ. ಸೆಪ್ಟೆಂಬರ್ 1ರಂದು ಇಟಲಿಯ ರಿಯೇಟಿಯಲ್ಲಿ 3000 ಮೀಟರ್, 7 ನಿಮಿಷ 20.67. ಆ ದಾಖಲೆಯನ್ನು ಯಾಕೋಬ್ ಇಂಗೆಬ್ರಿಗ್ಟ್‌ಸನ್ ಮುರಿದದ್ದು 2024ರ ಆಗಸ್ಟ್‌ನಲ್ಲಿ. ಆಯ್ಕೆ ತಪ್ಪಿದ ವರ್ಷದಲ್ಲೇ ಮಾಡಿದ ಕೆಲಸ ಹತ್ತಿರಹತ್ತಿರ 28 ವರ್ಷ ಬಾಳಿತು. ನಿನ್ನ ವರ್ಷದಲ್ಲಿ ಇನ್ನೂ ನಾಲ್ಕು ತಿಂಗಳಿವೆ.

ಈಗ ಕಹಿ ಮಾತು. ರೋನೋನ ಕಥೆ 81ನೆಯ ದಿನಕ್ಕೆ ನಿಲ್ಲುವುದಿಲ್ಲ. ಆಹ್ವಾನದ ಮೇಲೆ ಆಹ್ವಾನ, ಹಣ, ಹೊಗಳಿಕೆ, ಆಮೇಲೆ ಕುಡಿತ. ಮೈ ಬೆಳೆದಿದ್ದರೂ 1981ರಲ್ಲಿ ಒಮ್ಮೆ ಎದ್ದು ಬಂದು ತನ್ನದೇ 5000 ಮೀಟರ್ ದಾಖಲೆಯನ್ನು ಮುರಿದ. ಮತ್ತೆ ಬಿದ್ದ. ಮನೆಯಿಲ್ಲದೆ ಅಲೆದ ದಿನಗಳೂ ಬಂದವು. ಎಷ್ಟೋ ವರ್ಷಗಳ ನಂತರ ಕುಡಿತ ಬಿಟ್ಟು, ಎಳೆಯರಿಗೆ ಓಟ ಕಲಿಸುತ್ತ ತನ್ನ ಬದುಕನ್ನು ಮರಳಿ ಕಟ್ಟಿಕೊಂಡ. 2024ರ ಫೆಬ್ರವರಿಯಲ್ಲಿ ತೀರಿಕೊಂಡ. ಆ 81 ದಿನಗಳನ್ನು ಇಷ್ಟು ಕೊಂಡಾಡುವ ನಾನು, ಅಂಥ ಒಂದು ವರ್ಷ ನಿನಗೆ ಬರಲೆಂದು ಹರಸುವಾಗ ಸ್ವಲ್ಪ ತಡವರಿಸುತ್ತೇನೆ. ಬಂದರೆ ಬರಲಿ. ಅದರ ಬಡ್ಡಿಯಲ್ಲೇ ಜೀವನ ಸಾಗಿಸಬಹುದು ಎಂದು ಮಾತ್ರ ನಂಬಬೇಡ. ಹೈಲೆ 1995ರಲ್ಲಿ 5000 ಮೀಟರ್ ದಾಖಲೆಯಿಂದ ಹೆಚ್ಚುಕಡಿಮೆ 11 ಸೆಕೆಂಡ್ ಕಿತ್ತುಹಾಕಿದವನು, 1998ರಲ್ಲಿ ಮತ್ತೆ ಅದನ್ನೇ ಹೊಸದಾಗಿ ಮಾಡಿದ, 2008ರಲ್ಲಿ ಮ್ಯಾರಥಾನ್ ದಾಖಲೆ ಬರೆಯುತ್ತಿದ್ದ. ಒಂದು ವರ್ಷದ ಲೆಕ್ಕ ಕೇಳಿದರೆ ರೋನೋ ಎನ್ನುತ್ತೇನೆ. ಯಾರಂತೆ ಬಾಳಲಿ ಎಂದು ಕೇಳಿದರೆ ಹೈಲೆ.

ನನ್ನ ಅಧಿಕಾರವೇನು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು 800 ಮೀಟರ್ ಓಡುತ್ತಿದ್ದ ಕಾಲದಲ್ಲಿ ನನ್ನ ಒಳ್ಳೆಯ ವರ್ಷವೊಂದಿತ್ತು. ಸಮಯ ಇಳಿಯುತ್ತಲೇ ಇತ್ತು, ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತಲೇ ಇತ್ತು. ನೋವಿನ ವಿಷಯ ಯಾರಿಗೂ ಹೇಳಲಿಲ್ಲ. ಇನ್ನೊಂದು ಓಟ, ಇನ್ನೊಂದೇ ಓಟ ಎಂದು ಓಡಿದೆ. ಮೂಳೆ ಬಿರುಕು ಬಿಟ್ಟಿತು. ಮುಂದಿನ ವರ್ಷ ಗೆರೆಯ ಆಚೆ ನಿಂತು ಬೇರೆಯವರ ಸಮಯ ಬರೆದುಕೊಟ್ಟೆ. ನಿನ್ನ ಪತ್ರದ ಎರಡನೆಯ ಪುಟದಲ್ಲಿ ‘ಹಿಮ್ಮಡಿ ಸ್ವಲ್ಪ ಹಿಡಿದುಕೊಂಡಿದೆ’ ಎಂಬ ಅರ್ಧ ವಾಕ್ಯವಿದೆ. ಬೇರೆ ಯಾವ ಸಾಲಿಗಿಂತ ಅದನ್ನು ಹೆಚ್ಚು ಸಲ ಓದಿದ್ದೇನೆ. ನಾಳೆಯೇ ವೈದ್ಯರಿಗೆ ತೋರಿಸು, ಅಮ್ಮನಿಗೂ ಹೇಳು.

ಇನ್ನೊಂದು ಸಂಗತಿ. ಎರಡೂವರೆ ಪುಟಗಳಲ್ಲಿ ಯಾರು ಎಲ್ಲಿ ದಾಟಿದರು, ಯಾರ ಮೊಣಕೈ ತಗುಲಿತು, ಎಲ್ಲವನ್ನೂ ಬರೆದಿದ್ದೀಯ. ನೀನು ಎಷ್ಟು ಹೊತ್ತಿನಲ್ಲಿ ಓಡಿ ಮುಗಿಸಿದೆ ಎಂಬುದು ಎಲ್ಲೂ ಇಲ್ಲ. ಅದು ನಿನ್ನ ಇದುವರೆಗಿನ ಅತ್ಯುತ್ತಮ ಸಮಯ ಇರಬಹುದೆಂಬ ಗುಮಾನಿ ನನಗೆ. ಮರು ಟಪಾಲಿನಲ್ಲಿ ಬರೆದು ಕಳಿಸು.

ನಿನ್ನ ಸೋದರಮಾವ