ಮಾರಿಯೋದ ನಾಚಿಕೆ ಕುಲೆ, ಮತ್ತೆ ನೀನು

ಏ ಮಾರಾಯ,

ಫೋನ್ ಎತ್ತುದಿಲ್ಲ ನೀನು, ವಾಟ್ಸಾಪಲ್ಲಿ ನೀಲಿ ಟಿಕ್ ಬರ್ತದೆ ಉತ್ತರ ಬರುದಿಲ್ಲ, ಅದಕ್ಕೆ ಇಲ್ಲೇ ಬರೀತಿದ್ದೇನೆ, ಎಲ್ಲರೂ ಓದ್ಲಿ. ಮೊನ್ನೆ ಮಣಿಪಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದೆ, ಹೊರಗೆ ಆಟಿ ತಿಂಗಳ ಮಳೆ ಹೊಡಿತಾ ಉಂಟು, ಅವಳ ಮಗ ನಿಂಟೆಂಡೋ ಸ್ವಿಚ್ಚಿನಲ್ಲಿ ಹಳೇ ವಿಡಿಯೋ ಗೇಮು ಸೂಪರ್ ಮಾರಿಯೋ ಬ್ರದರ್ಸ್ 3 ಹಾಕ್ಕೊಂಡು ಕೂತಿದ್ದ. ಕೋಟೆ ಒಳಗೆ ಹೋದದ್ದೇ, ಬಂತು ನೋಡು ಅದು! ಪುಂಡಿ ಉಂಟಲ್ಲ, ಅಕ್ಕಿಯ ಉಂಡೆ, ಅದಕ್ಕೆ ಎರಡು ಕೈ, ಎರಡು ಹಲ್ಲು ಬಂದ ಹಾಗೆ, ಬಿಳಿ ಉಂಡೆ, ಗೇಮಿನ ದೆವ್ವ. ಬೂ.

ನೆನಪುಂಟಾ ಕಲ್ಯಾಣಪುರದ ನಿಮ್ಮ ಮನೆಯ ಬ್ಲಾಕ್ ಅಂಡ್ ವೈಟ್ ಟಿವಿ? ಆ ಟಿವಿಯಲ್ಲಿ ಮಾರಿಯೋ ಬೂದಿ, ಆಮೆ ಬೂದಿ, ನಾಣ್ಯವೂ ಬೂದಿ, ಸರಿಯಾದ ಬಣ್ಣದಲ್ಲಿ ಕಾಣ್ತಿದ್ದದ್ದು ಬೂ ಒಂದೇ. ನಾನು "ಭೂತ, ಭೂತ" ಅಂತ ಬೊಬ್ಬೆ ಹೊಡ್ದದ್ದಕ್ಕೆ ನಿನ್ನ ಅಜ್ಜಿ ಬೈದದ್ದು ಎಂತ, ಭೂತ ಅಂದ್ರೆ ದೈವ, ಕೈ ಮುಗಿಬೇಕು, ಇದನ್ನೆಲ್ಲ ಕುಲೆ ಅನ್ನಿ, ಕುಲೆ ಅಂದ್ರೆ ಸತ್ತವರ ಆತ್ಮ ಅಂತ. ಆಮೇಲೆ ಸ್ವಲ್ಪ ಹೊತ್ತು ಟಿವಿ ನೋಡಿ ಅವರೇ ಹೇಳಿದ್ರು, ಸರಿ ಉಂಟು, ಆಟಿಯಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸಿ ನಾವು ಬಾಗಿಲು ಎಳ್ಕೊಂಡು ಹೊರಗೆ ಬರುದಿಲ್ವಾ, ನೋಡ್ತಾ ನಿಂತ್ರೆ ಅವು ಬರ್ತಾವಾ ಅಂತ.

ಅಜ್ಜಿಗೆ ನಮಗಿಂತ ಮೊದ್ಲು ಅರ್ಥ ಆಗಿತ್ತು. ನಾವು ಹೆದರಿ ಓಡುದು, ಓಡಿದ್ರೆ ಬೆನ್ನು ಆ ಕಡೆ, ಬೆನ್ನು ಆ ಕಡೆ ಆದ್ರೆ ಅದು ಗೋಡೆ ಗೀಡೆ ಎಂತ ಲೆಕ್ಕ ಇಲ್ದೆ ತೂರಿಕೊಂಡು ಬರುದು. ತಲೆ ಮೇಲೆ ಹಾರಿದ್ರೂ ಪೆಟ್ಟು ನಮಗೇ, ಬೆಂಕಿ ಉಂಡೆಯೂ ತಾಗುದಿಲ್ಲ. ತಿರುಗಿ ನೋಡಿದ್ರೆ ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಗಾಳಿಯಲ್ಲೇ ನಿಲ್ತದೆ ಅಂತ ಕಂಡುಹಿಡಿದದ್ದು ನೀನು, ಅದೂ ಬಟನ್ ತಪ್ಪಿ ಒತ್ತಿ. ಆದ್ರೆ ಎಡಕ್ಕೊಂದು ಬಲಕ್ಕೊಂದು ಇದ್ರೆ ಮುಗೀತು, ಒಂದನ್ನು ನೋಡಿದ್ರೆ ಇನ್ನೊಂದು ಬರ್ತದೆ. ಆಗ ನೀನು ಸ್ವಲ್ಪ ಬೆನ್ನು ತೋರ್ಸಿ, ಅದನ್ನು ಮೇಲಕ್ಕೆ ಕರೆಸ್ಕೊಂಡು, ಟಪ್ ಅಂತ ತಿರುಗಿ ನಿಲ್ಲಿಸಿ, ಕೆಳಗಿಂದ ನುಸುಳಿ ಹೋಗ್ತಿದ್ದಿ. ಅಷ್ಟರಲ್ಲಿ ಕರೆಂಟು ಹೋಗುದು, ಸೇವ್ ಇಲ್ಲದ ಗೇಮು, ಮತ್ತೆ ಒಂದನೇ ವರ್ಲ್ಡಿಂದ. ಎಂತ ಅವಸ್ಥೆ.

ಈಗ ವಿಷಯಕ್ಕೆ ಬರ್ತೇನೆ. ಈ ಗೇಮು ಜಪಾನಲ್ಲಿ ಬಂದದ್ದು 1988ರಲ್ಲಿ, ಬೂ ಮೊದಲು ಕಾಣಿಸಿಕೊಂಡದ್ದೂ ಇದರಲ್ಲೇ. ಅಲ್ಲಿ ಇದರ ಹೆಸರು ತೆರೆಸಾ, ಜಪಾನಿ ಭಾಷೆಯಲ್ಲಿ ತೆರೆರು ಅಂದ್ರೆ ನಾಚಿಕೊಳ್ಳುದು. ಇದು ಹುಟ್ಟಿದ ಕತೆ ಮಾರಿಯೋನನ್ನು ಹುಟ್ಟಿಸಿದ ಮಿಯಾಮೊಟೊ ಹೇಳಿದ್ದು: ಅವರ ಜೊತೆ ಗೇಮ್ ಮಾಡ್ತಿದ್ದ ತಕಾಶಿ ತೆಜುಕಾನ ಹೆಂಡತಿ ತುಂಬ ಮೆತ್ತಗಿನ ಹೆಂಗಸು, ಮಾತೇ ಇಲ್ಲ, ಗಂಡ ಸದಾ ಆಫೀಸಲ್ಲೇ ಬಿದ್ದಿರುದು ನೋಡಿ ನೋಡಿ ಒಂದು ದಿನ ಸಿಡಿದೇ ಬಿಟ್ರಂತೆ. ಅದನ್ನೇ ಇವರು ಗೇಮಿಗೆ ಹಾಕಿದ್ರು, ನೋಡಿದ್ರೆ ಕುಗ್ಗುದು, ಬೆನ್ನು ಹಾಕಿದ್ರೆ ಮೈಮೇಲೆ ಬರುದು ಅಂತ. ಗಂಡಸರು ನೋಡು, ಬೈಸಿಕೊಂಡದ್ದನ್ನೂ ಗೇಮ್ ಮಾಡಿ ಮಾರಿದ್ರು.

ಯಾಕೆ ಹೇಳ್ತಿದ್ದೇನೆ ಗೊತ್ತಾಯ್ತಲ್ಲ? ನಿನ್ನ ಹೆಂಡತಿ ನನ್ನ ಹೆಂಡತಿಗೆ ಫೋನ್ ಮಾಡಿದ್ಲು. ಜೋರು ಮಾತೆಂತ ಇಲ್ಲ, ರಾತ್ರಿ ಹನ್ನೊಂದಕ್ಕೆ ಬರ್ತಾರೆ, ಉಣ್ಣುವಾಗಲೂ ಲ್ಯಾಪ್‌ಟಾಪ್ ಬಿಡುದಿಲ್ಲ ಅಂತ ಅಷ್ಟೇ. ಅವಳನ್ನು ನಾನು ಬೂ ಅನ್ನುದಿಲ್ಲ, ಹೊಡಿತಾಳೆ. ನಂಗೆ ಕಾಣುದು ಬೂ ನೀನೇ ಅಂತ, ಅವಳು ಎದುರು ನಿಂತು ಕೇಳಿದ್ರೆ ಸ್ಕ್ರೀನಿನ ಹಿಂದೆ ಮುಖ ಮುಚ್ಚುದು ಯಾರು?

ಅಳಿಯನ ಕತೆ ಕೇಳು. ಅಕ್ಕ ನೀರ್‌ದೋಸೆಗೆ ಕರೆದ್ಲು, ಇವ ಗೇಮನ್ನು ಪಾಝ್ ಕೂಡ ಮಾಡ್ಲಿಲ್ಲ, ಮಾರಿಯೋನನ್ನು ಬೂ ಕಡೆಗೆ ತಿರುಗಿಸಿ ನಿಲ್ಲಿಸಿ ಎದ್ದು ಹೋದ. ನಾನು ಅಲ್ಲೇ ಕೂತು ನೋಡಿದೆ. ಇಬ್ಬರೂ ಎದುರೆದುರು, ಒಬ್ಬ ನೋಡ್ತಾ ಉಂಟು, ಒಬ್ಬ ಮುಖ ಮುಚ್ಕೊಂಡು ಉಂಟು, ಕೆಳಗೆ ಟೈಮು ಇಳಿತಾ ಉಂಟು. ಸೊನ್ನೆ ಆಯ್ತು, ಮಾರಿಯೋ ಸತ್ತ. ಬೂ ಅವನನ್ನು ಮುಟ್ಟಿರ್ಲೇ ಇಲ್ಲ.