ಮಗಳಿಗೊಂದು ಪತ್ರ, ಫಾರಂ ಜೊತೆಗೆ

ಪುಟ್ಟಿ,

ಹಾಸ್ಟೆಲಲ್ಲಿ ಫೋನ್ ಕೊಡೋದು ಭಾನುವಾರ ಮಾತ್ರ, ಕೊಟ್ರೂ ನೀನು ಅಮ್ಮನ ಹತ್ರ ಮಾತಾಡಿ ಇಟ್ಬಿಡ್ತೀಯ, ಅದಕ್ಕೇ ಬರೀತಿದ್ದೀನಿ. ಶನಿವಾರ ರಾತ್ರಿ ನಡೆದಿದ್ದು ಬರೆಯಲ್ಲ, ನಿಂಗೂ ಗೊತ್ತು ನಂಗೂ ಗೊತ್ತು. ಬಸ್ ಹತ್ತುವಾಗ ನೀನು ತಿರುಗಿ ನೋಡಲಿಲ್ಲ ಅನ್ನೋದು ಮಾತ್ರ ತಲೆಯಿಂದ ಹೋಗ್ತಿಲ್ಲ. ಆವತ್ತು ಸಂಜೆ ಹಾಲಿನ ಡೈರಿಲಿ ಫ್ಯಾಟ್ ರೀಡಿಂಗ್ ಬರ್ಕೊಳ್ಳುವಾಗ ಎರಡು ಸಲ ತಪ್ಪು ಬರೆದೆ, ಹಾಲು ತಂದೋರೇ ನೋಡಿ ಹೇಳಿದ್ರು.

11ನೇ ಕ್ಲಾಸಿಗೆ ಸಬ್ಜೆಕ್ಟ್ ಆರಿಸೋ ಸ್ಕೂಲಿನ ಫಾರಂ ಟಿವಿ ಮೇಲೇ ಇದೆ. ಇಂಗ್ಲಿಷು, ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ನಾಲ್ಕಕ್ಕೆ ಜಗಳ ಇಲ್ಲ. ಐದನೇ ಕಾಲಂನಲ್ಲಿ ನೀನು ಪೇಂಟಿಂಗ್ ಅಂತ ಬರೆದಿದ್ದೆ, ನಾನು ಅದನ್ನ ಹೊಡೆದು ಕಂಪ್ಯೂಟರ್ ಸೈನ್ಸ್ ಅಂತ ಬರೆದೆ. ನೀನು ಹೋದ ಮೇಲೆ ಮೂರು ರಾತ್ರಿ ಕೂತು ಪೇಂಟಿಂಗಿನ ಸಿಬಿಎಸ್‌ಇ ಸಿಲಬಸ್ ಓದ್ದೆ. ನಿಜ ಹೇಳ್ಬೇಕು ಅಂದ್ರೆ ತಪ್ಪು ಹುಡುಕೋಕೇ ಓದಿದ್ದು, ನಾಳೆ ನಿನ್ನ ಮುಂದೆ ಇಟ್ಟು ನೋಡು ಇದ್ರಲ್ಲಿ ಏನಿದೆ ಅಂತ ಕೇಳೋಣ ಅಂತ. ಥಿಯರಿಗೆ 30 ಮಾರ್ಕ್ಸು, ಪ್ರಾಕ್ಟಿಕಲಿಗೆ 70. ಆ 70ರಲ್ಲಿ ವಸ್ತು ಎದುರಿಗಿಟ್ಕೊಂಡು ಬರೆಯೋದಕ್ಕೆ 25, ಸ್ವಂತ ಚಿತ್ರಕ್ಕೆ 25, ವರ್ಷವೆಲ್ಲಾ ಮಾಡಿದ್ದನ್ನ ಜೋಡಿಸಿಟ್ಟು ತೋರಿಸೋದಕ್ಕೆ 20. ಡ್ರಾಯಿಂಗ್ ಪೀರಿಯಡ್ ಅಂದ್ರೆ ನಂಗೆ ಗೊತ್ತಿದ್ದಿದ್ದು ಮ್ಯಾಥ್ಸ್ ಮೇಷ್ಟ್ರು ಬಂದು ಪೋರ್ಷನ್ ಮುಗಿಸೋ ಪೀರಿಯಡ್ ಅಂತ, ಇಷ್ಟು ಗಟ್ಟಿ ಕೆಲಸ ಇದೆ ಅಂತ ಗೊತ್ತಿರಲಿಲ್ಲ.

ಇನ್ನೊಂದು ನೋಡಿ ಹೊಟ್ಟೆಲಿ ಸಂಕಟ ಆಯ್ತು. 11ನೇ ಕ್ಲಾಸಿನ ಥಿಯರಿಲಿ ವಿಜಯಪುರದ ಗೋಲ್ ಗುಮ್ಮಟ ಇದೆ. ಏಳನೇ ಕ್ಲಾಸಲ್ಲಿ ಆ ಟೂರಿಗೆ ನಿನ್ನ ಕಳಿಸಲಿಲ್ಲ ನಾನು. ದುಡ್ಡಿರಲಿಲ್ಲ ಅಂತ ಅಲ್ಲ, ಇತ್ತು, ಕಲ್ಲು ನೋಡೋಕೆ ಯಾಕೆ ಅಷ್ಟು ದೂರ ಅಂದಿದ್ದೆ. ಆ ಮಾತಿಗೆ ಕ್ಷಮಿಸು. 12ರಲ್ಲಿ ಬೆಂಗಾಲ್ ಸ್ಕೂಲ್ ಅನ್ನೋ ಚಿತ್ರಶೈಲಿ ಬಗ್ಗೆ ಒಂದು ಪಾಠ ಬರುತ್ತೆ, ಆ ಶೈಲಿಯ ಮುಖ್ಯ ಕಲಾವಿದ ಅವನೀಂದ್ರನಾಥ ಠಾಗೋರರ ಹತ್ರ ಕಲಿಯೋಕೆ ನಮ್ಮ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತಾಗೆ ಹೋಗಿದ್ರು. ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರಸ್ತೆಲಿ ಅವರ ಹೆಸರಿನ ಗ್ಯಾಲರಿ ಮುಂದೆ ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದೀನಿ, ಒಂದು ಸಲಾನೂ ಇಳಿದಿಲ್ಲ.

ಈಗ ಹೇಳಬೇಕಾಗಿರೋ ವಿಷಯಕ್ಕೆ ಬರ್ತೀನಿ. ಬಚ್ಚಲು ಮನೆ ಮೇಲಿನ ತಗಡು. ಅದ್ರಲ್ಲಿ ನೀನು ಅಕ್ಷರ ಕೂಡಿಸಿ ಓದಿದ್ದು ಎಲ್ಲರಿಗೂ ನೆನಪಿದೆ, ಅದು ಬಿಡು. ಅದು ಅಲ್ಲಿಗೆ ಹೇಗೆ ಬಂತು ಅಂತ ನಿಂಗೆ ಯಾರೂ ಹೇಳಿಲ್ಲ.

ಅದು ಬಸ್ ಸ್ಟ್ಯಾಂಡ್ ಹತ್ರದ ಹೋಟೆಲ್ ಬೋರ್ಡು. ಎಂಟಡಿ ಉದ್ದ, ಮೂರಡಿ ಅಗಲ. ನಿನ್ನ ಚಿಕ್ಕಪ್ಪ ಬರೆದಿದ್ದು. ಮೊದಲು ರೆಡ್ ಆಕ್ಸೈಡ್ ಹೊಡೆದು, ಒಣಗಿಸಿ, ಮೇಲೆ ಹಳದಿ ಎನಾಮಲ್ ಎರಡು ಕೋಟು. ಆಮೇಲೆ ಸೀಮೆಸುಣ್ಣ ಉಜ್ಜಿದ ದಾರನ ನಾನೊಂದು ತುದಿ ಅವನೊಂದು ತುದಿ ಹಿಡ್ಕೊಂಡು ಮಧ್ಯ ಎತ್ತಿ ಬಿಟ್ರೆ ಟಪ್ ಅಂತ ಗೆರೆ ಬೀಳ್ತಿತ್ತು. ಇಂಗ್ಲಿಷಿಗೆ ಎರಡು ಗೆರೆ ಸಾಕು, ಕನ್ನಡಕ್ಕೆ ಮೂರು ಬೇಕು ಅನ್ನೋನು, ಕೆಳಗೆ ಒತ್ತಕ್ಷರಕ್ಕೆ ಜಾಗ ಮೊದಲೇ ಬಿಡದಿದ್ರೆ ಕೊನೇಲಿ ಒತ್ತು ಬೋರ್ಡಿಂದ ಕೆಳಗೆ ಬೀಳುತ್ತೆ ಅಂತ. ಎಡಗೈಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಕೊಂಡು "ಸಿದ್ಧವಿದೆ" ಅನ್ನೋದ್ರಲ್ಲಿ ಆ ದ್ಧ ಬರೆಯೋಕೆ ಅರ್ಧ ಗಂಟೆ ತಗೊಂಡ. ಹೋಟೆಲ್ನೋರು ಬೇಗ ಮುಗ್ಸಪ್ಪಾ ಅಂದ್ರೂ ತಲೆ ಎತ್ತಲಿಲ್ಲ.

2005ರಲ್ಲಿ ಅವರು ಫ್ಲೆಕ್ಸ್ ಹಾಕಿಸಿದ್ರು. ಎರಡು ವರ್ಷದೊಳಗೆ ಪೇಟೆ ಪೂರ್ತಿ ಫ್ಲೆಕ್ಸೇ ಆಯ್ತು. ಇವನು ವಾರಗಟ್ಟಲೆ ಬರೀತಿದ್ದಿದ್ದು ಅಲ್ಲಿ ಅರ್ಧ ಗಂಟೇಲಿ ಪ್ರಿಂಟಾಗಿ ಬರೋದು, ರೇಟೂ ಕಮ್ಮಿ, ಫೋಟೋನೂ ಬರುತ್ತೆ, ಯಾರು ಕಾಯ್ತಾರೆ. ಹೋಟೆಲ್ನೋರು ಹಳೇ ಬೋರ್ಡ್ ತಗೊಂಡು ಹೋಗು ಅಂದಿದ್ದಕ್ಕೆ ಸೈಕಲ್ ಕ್ಯಾರಿಯರಿಗೆ ಅಡ್ಡಡ್ಡ ಕಟ್ಕೊಂಡು ತಳ್ಕೊಂಡು ಬಂದ, ಅಷ್ಟುದ್ದ ತಗಡು, ಎದುರಿಗೆ ಬರೋರೆಲ್ಲಾ ಪಕ್ಕಕ್ಕೆ ನಿಂತು ದಾರಿ ಬಿಡ್ತಿದ್ರು, ಪೇಟೆಯವರೆಲ್ಲಾ ಆ ಬೋರ್ಡ್ ಓದ್ಕೊಂಡು ನಿಂತಂಗಿತ್ತು. ಬಂದೋನು ಮಾತಾಡದೆ ಬಚ್ಚಲು ಮನೆ ಮೇಲೆ ಹೊದಿಸಿದ. ಬರೆದಿರೋ ಕಡೆ ಕೆಳಗೆ ಮಾಡಿ ಹೊದಿಸಿದ. ಯಾಕೋ ಅಂದ್ರೆ ಬಿಸಿಲಿಗೆ ಬಣ್ಣ ಹೋಗುತ್ತೆ ಅಣ್ಣ ಅಂದ.

ಇಷ್ಟು ನಿಂಗೆ ಹೇಳಬಹುದಿತ್ತು, ಮುಂದಿಂದು ನಿನ್ನಮ್ಮನಿಗೂ ಹೇಳಿಲ್ಲ. ಅದಾಗಿ ಒಂದು ತಿಂಗಳಿಗೆ ಅವನು ನನ್ನ ಹತ್ರ ನಾಲ್ಕು ಸಾವಿರ ಕೇಳ್ದ. ಹಾಸನದಲ್ಲಿ ಡಿಟಿಪಿ ಕೋರ್ಸು, ಮೂರು ತಿಂಗಳು, ಕಂಪ್ಯೂಟರಲ್ಲಿ ಡಿಸೈನ್ ಕಲಿತ್ರೆ ಫ್ಲೆಕ್ಸ್ ಅಂಗಡಿಲೇ ಕೂತು ಕೆಲಸ ಮಾಡ್ತೀನಿ ಅಣ್ಣ ಅಂದ. ಬಣ್ಣ ಬಳ್ಕೊಂಡು ಹಾಳಾಗಿದ್ದು ಸಾಲದಾ, ಎಲ್ಲಾದ್ರೂ ಒಂದು ಕೆಲಸಕ್ಕೆ ಸೇರ್ಕೋ ಅಂದೆ. ದುಡ್ಡು ಆವತ್ತೂ ಇತ್ತು. ಈಗ ಅವನು ಫ್ಲೆಕ್ಸ್ ಅಂಗಡಿಲೇ ಇದ್ದಾನೆ, ನೋಡಿದ್ದೀಯಲ್ಲ, ಮರದ ರೀಪರಿಗೆ ಮೊಳೆ ಹೊಡೆದು ಫ್ರೇಮ್ ಮಾಡ್ತಾನೆ. ಒಳಗೆ ಎಸಿ ರೂಮಲ್ಲಿ ಕೂತಿರೋ ಹುಡುಗ ಒತ್ತಕ್ಷರ ತಪ್ಪು ಹಾಕಿದ್ರೆ ಹೊರಗಿಂದ ಇವನೇ ಹೋಗಿ ಹೇಳೋದು.

ಕಂಪ್ಯೂಟರ್ ಕಂಪ್ಯೂಟರ್ ಅಂತ ನಾನು ಕೂಗಾಡಿದ್ದು ಇದಕ್ಕೇ ಅನ್ಸುತ್ತೆ. ಅವನಿಗೆ ಕೊಡದೇ ಇದ್ದಿದ್ದನ್ನ ನಿನ್ನ ತಲೆ ಮೇಲೆ ಹೊರಿಸೋಕೆ ಹೋದೆ. ನಿನ್ನ ಕೈ ಅವನ ಕೈ ಥರಾನೇ ಇದೆ ಮಗಳೇ, ನೀನು ಪೆನ್ಸಿಲ್ ಹಿಡಿಯುವಾಗ ಕಿರುಬೆರಳು ಕಾಗದದ ಮೇಲೆ ಊರ್ತೀಯಲ್ಲ, ಹಂಗೇ. ಅದನ್ನ ನೋಡಿದಾಗೆಲ್ಲಾ ನಂಗೆ ಹೆಮ್ಮೆ ಆಗುತ್ತೆ, ಹಿಂದೇನೇ ಆ ಸೈಕಲ್ಲು ಆ ತಗಡು ಕಣ್ಮುಂದೆ ಬರುತ್ತೆ, ಬೈದುಬಿಡ್ತೀನಿ.

ಹಂಗಂತ ಮ್ಯಾಥ್ಸ್ ಬಿಡಬೇಡ. ಬೇಜಾರಾದ್ರೂ ಕೇಳು. ಸಿಇಟಿಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸು ಕೆಮಿಸ್ಟ್ರಿ ಮ್ಯಾಥ್ಸೇ ಲೆಕ್ಕ, ಐದನೇದು ಏನು ತಗೊಂಡ್ರೂ ಅಡ್ಡಿ ಇಲ್ಲ ಅಂತ ವಿಚಾರಿಸಿದೆ. ಆರ್ಕಿಟೆಕ್ಚರ್ ಅಂದ್ರೂ ಮ್ಯಾಥ್ಸ್ ಬೇಕೇ ಬೇಕು, ಅದಕ್ಕೆ ನಾಟಾ ಅಂತ ಬೇರೆ ಪರೀಕ್ಷೆ. ಮೈಸೂರಲ್ಲೇ ಕಾವಾ ಅಂತ ಚಿತ್ರಕಲೆ ಕಾಲೇಜು ಇದೆ, ಒಂದು ಭಾನುವಾರ ವಾರ್ಡನ್ ಹತ್ರ ಪರ್ಮಿಷನ್ ತಗೊಂಡು ನಾವಿಬ್ಬರೂ ಹೋಗಿ ನೋಡ್ಕೊಂಡು ಬರೋಣ. ಚಿಕ್ಕಪ್ಪನಿಗೆ ಕೈ ಕಮ್ಮಿ ಇರಲಿಲ್ಲ, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ಇರಲಿಲ್ಲ ಅಷ್ಟೇ. ನಿಂಗೆ ಎರಡು ಮೂರು ಇರಲಿ ಅಂತ ನನ್ನ ಆಸೆ. ರಾತ್ರಿ ಲೈಟ್ ಕಮ್ಮಿ ಇರೋ ಕಡೆ ಕೂತು ಬರೀಬೇಡ, ಕನ್ನಡಕದ ನಂಬರ್ ಜಾಸ್ತಿ ಆಗಿದೆ. ಬ್ರಷ್ಷು ಬಾಯಲ್ಲಿ ಇಟ್ಕೋಬೇಡ, ಚಿಕ್ಕಪ್ಪನಿಗೂ ಅದೇ ಕೆಟ್ಟ ಅಭ್ಯಾಸ ಇತ್ತು.

ನಿನ್ನೆ ಚಿಕ್ಕಪ್ಪನಿಗೆ ಫಾರಂ ತೋರಿಸಿದೆ. ಪೇಂಟಿಂಗ್ ಅನ್ನೋದರ ಮೇಲೆ ನಾನು ಹೊಡೆದಿದ್ದ ಗೆರೆ ನೋಡಿ ಸುಮ್ನೆ ಕೂತ. ಆ ನಾಲ್ಕು ಸಾವಿರದ ಮಾತು ತೆಗೆಯೋಕೆ ಹೋದೆ, ಟೀ ಆರುತ್ತೆ ಕುಡಿ ಅಣ್ಣ ಅಂದ.

ಸ್ಕೂಲಿಗೆ ಫೋನ್ ಮಾಡಿ ಹೊಸ ಫಾರಂ ತರಿಸ್ಕೊಂಡೆ, ಐದನೇ ಕಾಲಂನಲ್ಲಿ ಪೇಂಟಿಂಗ್ ಅಂತಾನೇ ಬರೆದು ಸೈನ್ ಮಾಡಿ ಇದರ ಜೊತೆ ಇಟ್ಟಿದ್ದೀನಿ, ಸೋಮವಾರವೇ ಆಫೀಸಿಗೆ ಕೊಡು. ಸ್ಟೇಷನರಿ ಅಂಗಡಿಗೂ ಹೋಗಿದ್ದೆ, ಅರ್ಧ ಇಂಪೀರಿಯಲ್ ಸೈಜ್ ಕಾಗದ ಕೊಡಿ ಅಂದ್ರೆ ಕಾರ್ಟ್ರಿಜ್ಜಾ ಹ್ಯಾಂಡ್‌ಮೇಡಾ ಅಂತ ಕೇಳಿದ್ರು, ಗೊತ್ತಾಗಲಿಲ್ಲ, ವಾಪಸ್ ಬಂದೆ. ಯಾವುದು, ಎಷ್ಟು ಶೀಟು ಅಂತ ಭಾನುವಾರ ಫೋನ್ ಸಿಕ್ಕಿದಾಗ ಹೇಳು. ಅಮ್ಮನ ಹತ್ರ ಹೇಳಿದ್ರೂ ಸರಿ.

ಇಂತಿ,
ನಿನ್ನ ಅಪ್ಪ