ದುರ್ಗಮ್ಮನ ಹಳ್ಳಕ್ಕೆ ಗೋಡೆಯಲ್ಲ, ಜಾಗ ಬೇಕು

ಮಾನ್ಯರೇ,

ಗಂಗಾವತಿಯ ನಡುವೆ ಹರಿಯುವ ದುರ್ಗಮ್ಮನ ಹಳ್ಳ ಇಂದು ಚರಂಡಿಯಾಗಿದೆ. ಜೋರು ಮಳೆ ಬಂದರೆ ದಂಡೆಯ ಮನೆಗಳವರಿಗೆ ದಿಗಿಲು. ಇಕ್ಕೆಲಗಳಿಗೂ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಕೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋಡೆ ನೀರನ್ನು ಇನ್ನಷ್ಟು ರಭಸದಿಂದ ಕೆಳಗಿನ ಓಣಿಗಳತ್ತ ದೂಡುತ್ತದೆ.

ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಕಲ್ಲು, ಹುಲ್ಲು, ತಿರುವುಗಳುಳ್ಳ ನದಿಯಾಗಿಸಿದರು. ಮಳೆ ಬಂದಾಗ ಉದ್ಯಾನವೇ ನೀರು ಹಿಡಿಯುತ್ತದೆ. ನೀರುನಾಯಿಗಳೂ ಬಂದವು! ನಮಗೆ ಅವು ಹೊಸವೇನಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ನೀರುನಾಯಿ ಸಂರಕ್ಷಿತ ಪ್ರದೇಶವೇ ಇದೆ.

ಕೊಪ್ಪಳದ ಗವಿಮಠದ ಸ್ವಾಮೀಜಿ 2019ರಲ್ಲಿ ಜನರೊಂದಿಗೆ ಹಿರೇಹಳ್ಳವನ್ನು ಸ್ವಚ್ಛಗೊಳಿಸಲು ಇಳಿದದ್ದನ್ನು ಕಂಡವರು ನಾವು. ಇಲ್ಲಿಯೂ ಮೊದಲು ಹಳ್ಳದ ಗಡಿ ಅಳೆಯಲಿ, ಒಳಚರಂಡಿ ನೀರು ತಪ್ಪಿಸಲಿ. ಮುಂದಿನ ಮಳೆಗಾಲದೊಳಗೆ ಅಳತೆಯಾದರೂ ಮುಗಿಯಲಿ.

– ಓದುಗ, ಗಂಗಾವತಿ